ಡ್ರಮ್ಮಿನಾಚೆಯ ನೀರು

ನಮ್ಮೂರಿನ ಮ್ಯಾರಥಾನಿನಲ್ಲಿ ಒಬ್ಬರು ಹೂತಿಟ್ಟ ನೀರನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹಾಗಂತ ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಓಡುವವರಿಗೆಲ್ಲ ಗೊತ್ತು. ಬೇರೆ ಕಡೆ ಓಟವೆಂದರೆ ದಾರಿಗುಂಟ ಮೇಜು, ಮೇಜಿನ ಮೇಲೆ ಲೋಟ, ಲೋಟದ ಹಿಂದೆ ಚಪ್ಪಾಳೆ ತಟ್ಟುವ ಜನ ಇರುತ್ತಾರಂತೆ. ಇಲ್ಲಿ ಊರು ಮುಗಿದ ಕೂಡಲೇ ಮರುಭೂಮಿ. ಅಲ್ಲಿ ನಿಂತು ಚಪ್ಪಾಳೆ ತಟ್ಟಲು ಯಾರಿಗೆ ತಲೆ ಕೆಟ್ಟಿದೆ? ಅದಕ್ಕೇ ಓಟಕ್ಕೆ ಒಂದೆರಡು ದಿನ ಮುಂಚೆ ಓಡುವವರೆಲ್ಲ ನನ್ನ ಗಂಡನ ನೀರಿನ ಟ್ಯಾಂಕರ್‌ಗೆ ಜೋತುಬಿದ್ದು ದಾರಿಯುದ್ದಕ್ಕೂ ಹೋಗಿ, ತಂತಮ್ಮ ಬಾಟಲಿಗಳನ್ನು ತಾವೇ ನೆಲದಲ್ಲಿ ಹೂತು, ಮೇಲೊಂದು ಗುರುತಿಟ್ಟು ಬರುತ್ತಾರೆ. ಹೊರಗಿಟ್ಟರೆ ನೀರು ಕುದಿಯುತ್ತದೆ, ಇಲ್ಲವೇ ಮೇಕೆಗಳು ಉರುಳಿಸಿ ಹಾಕುತ್ತವೆ. ಓಡುವಾಗ ಬಾಯಾರಿ ಪ್ರಾಣ ಹೋಗುವಂತಾದರೆ ಕೂಗಬಹುದು, ಪಕ್ಕದವರು ತಮ್ಮದರಲ್ಲೇ ಒಂದು ಗುಟುಕು ಕೊಡುತ್ತಾರೆ. ಆದರೆ ಇನ್ನೊಬ್ಬರ ಗುರುತು ಕೆದಕುವುದೆಂದರೆ, ಥೂ, ಅಂಥವರ ಮುಖ ನೋಡಬಾರದು ಎನ್ನುವವಳು ನಾನು.

ನಾನು ಊರಂಚಿನ ವೇಬ್ರಿಡ್ಜಿನಲ್ಲಿ ಕೆಲಸ ಮಾಡುತ್ತೇನೆ. ಗಣಿಯಿಂದ ಜಿಪ್ಸಮ್ ತುಂಬಿಕೊಂಡು ಬರುವ ಲಾರಿಗಳು ನನ್ನ ಕಿಟಕಿಯ ಮುಂದಿನ ಕಬ್ಬಿಣದ ಹಾಸಿನ ಮೇಲೆ ಹತ್ತಿ ನಿಲ್ಲುತ್ತವೆ, ನಾನು ತೂಕ ನೋಡಿ ಚೀಟಿ ಕೊಡುತ್ತೇನೆ. ಡ್ರೈವರ್‌ಗಳು ಕಿಟಕಿಗೆ ಮೊಣಕೈ ಊರಿ, ಹಲ್ಲು ಕಿರಿದು, "ಸ್ವಲ್ಪ ನೋಡಿ ಹಾಕೀಮ್ಮಾ" ಎನ್ನುತ್ತಾರೆ. "ನೋಡಿಯೇ ಹಾಕಿದ್ದೀನಪ್ಪ, ಕಣ್ಣಿದೆ ನಂಗೆ" ಎನ್ನುತ್ತೇನೆ. ತಕ್ಕಡಿಯ ಮುಳ್ಳೂ ನಾನೇ, ಚುಚ್ಚುವ ಮುಳ್ಳೂ ನಾನೇ ಎಂದು ಅವರು ನನಗೆ ಮುಳ್ಳಮ್ಮ ಎಂದು ಹೆಸರಿಟ್ಟರು. ಈಗ ಊರಿಗೆಲ್ಲ ನಾನು ಮುಳ್ಳಮ್ಮನೇ. ನನಗೇನೂ ಬೇಸರವಿಲ್ಲ.

ಈ ವಯಸ್ಸಿನಲ್ಲಿ ಓಟದ ಹುಚ್ಚು ಹೇಗೆ ಹಿಡಿಯಿತೆಂದು ಕೇಳಬೇಡಿ. ಇಡೀ ದಿನ ಕುಳಿತು ಕುಳಿತು ಸೊಂಟ ಹಿಡಿದುಕೊಂಡಿತ್ತು, ನಡೆಯಲು ಶುರುಮಾಡಿದೆ, ನಡಿಗೆ ಓಟವಾಯಿತು. ಹೋದ ವರ್ಷ ಮೊದಲ ಸಲ ಮ್ಯಾರಥಾನಿಗೆ ಇಳಿದೆ. ಊರು ಕಣ್ಣಿಗೆ ಕಾಣುತ್ತಿತ್ತು, ಪಂಪ್‌ಹೌಸಿನ ಬಿಳಿ ಗೋಡೆ ಫಳಫಳ ಹೊಳೆಯುತ್ತಿತ್ತು, ಇನ್ನು ನಾಲ್ಕೇ ಕಿಲೋಮೀಟರ್ ಎನ್ನುವಾಗ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟೆ. ಗಂಡ ಟ್ಯಾಂಕರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹಾರಿಸಿಕೊಂಡು ಹೋದ. ಮೈಯಲ್ಲಿ ಉಪ್ಪು ಇಳಿದಿತ್ತಂತೆ. ಎರಡು ದಿನ ಡ್ರಿಪ್ ಹಾಕಿ ಕಳಿಸಿದರು.

ಆ ಬಿಳಿ ಗೋಡೆಯ ಮಾತು ಹೇಳಬೇಕು. ನಮ್ಮಲ್ಲಿ ಪದಕ ಇಲ್ಲ, ಸರ್ಟಿಫಿಕೇಟೂ ಇಲ್ಲ. ಪೂರ್ತಿ ನಲವತ್ತೆರಡು ಕಿಲೋಮೀಟರ್ ಓಡಿದವರು ನೀಲಿ ಬಣ್ಣದ ತಟ್ಟೆಯಲ್ಲಿ ಅಂಗೈ ಅದ್ದಿ ಪಂಪ್‌ಹೌಸಿನ ಗೋಡೆಗೆ ಒತ್ತುತ್ತಾರೆ, ಅಷ್ಟೇ. ಶಾಲೆಗೆ ಹೋಗುವ ಮಕ್ಕಳು, ನೀರಿಗೆ ಬರುವವರು, ಎಲ್ಲರೂ ಆ ಗೋಡೆಯ ಮುಂದೆಯೇ ಓಡಾಡಬೇಕು. ನನಗೆ ಬೇಕಿದ್ದದ್ದು ಅದೊಂದೇ. ಪೂರ್ತಿ ಓಡಬೇಕು, ಆ ಗೋಡೆಯ ಮೇಲೆ ನನ್ನ ಅಂಗೈ ಇರಬೇಕು.

"ಇನ್ನೊಂದ್ಸಲ ಓಡ್ತೀನಿ" ಎಂದು ಆಸ್ಪತ್ರೆಯ ಮಂಚದ ಮೇಲೆಯೇ ಹೇಳಿದೆ. ಗಂಡ ಏನೂ ಹೇಳದೆ ಡ್ರಿಪ್ಪಿನ ಬಾಟಲಿಯನ್ನೇ ನೋಡುತ್ತ ಕುಳಿತಿದ್ದ. ಅವನ ಮೌನವನ್ನು ಒಪ್ಪಿಗೆ ಎಂದುಕೊಂಡೆ. ಮೂರ್ಖಳು ನಾನು.

ಒಪ್ಪಿದವಳು ಗುಬ್ಬಿ. ಗುಬ್ಬಿ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಗಾತ್ರವೂ ಗುಬ್ಬಿಯದೇ, ಬಾಯೂ ಗುಬ್ಬಿಯದೇ, ಒಂದು ಗಳಿಗೆ ಸುಮ್ಮನಿರುವವಳಲ್ಲ. ನಮ್ಮದು ಒಂದೇ ಮನೆ, ಒಂದೇ ಅಡುಗೆ. ಅವಳು ಬೇಕರಿಯಲ್ಲಿ ಬೆಳಗಿನ ಹಿಟ್ಟು ನಾದಿ ಬಂದಳೆಂದರೆ ಇಬ್ಬರೂ ಶೂ ಕಟ್ಟಿ ಗಣಿ ರಸ್ತೆಗೆ ಬೀಳುತ್ತಿದ್ದೆವು. ಅವಳ ಮೈಯಿಂದ ಬೆವರಿನ ಜೊತೆ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿತ್ತು, ಅದನ್ನು ಮೂಸಿಕೊಂಡೇ ನಾನು ಓಡುತ್ತಿದ್ದೆ. ಅವಳು ನನಗಿಂತ ಚಿಕ್ಕವಳು, ಚುರುಕು. ಮನಸ್ಸು ಮಾಡಿದ್ದರೆ ನನ್ನನ್ನು ಹಿಂದೆ ಹಾಕಿ ಎಂದೋ ಹೋಗುತ್ತಿದ್ದಳು.

"ನೀನು ಮುಂದೆ ಹೋಗೇ, ನನ್ನ ಜೊತೆ ಯಾಕೆ ತೆವಳ್ತೀಯ?" ಎಂದಿದ್ದೆ ಒಮ್ಮೆ.

"ಹೋದ್ರೆ ಒಟ್ಟಿಗೆ ಹೋಗೋದು, ಇಲ್ಲಾಂದ್ರೆ ಇಲ್ಲ. ನಿನ್ನ ಕೈ ಪಕ್ಕದಲ್ಲೇ ನನ್ನ ಕೈ. ನೀನು ಮುಗಿಸ್ದೆ ನಾನು ಮುಗ್ಸಲ್ಲ ಅಕ್ಕಾ" ಎಂದಳು. ನಾನು ಕೇಳಿ ಪಡೆದದ್ದಲ್ಲ, ಅವಳಾಗಿಯೇ ಕೊಟ್ಟ ಮಾತು ಅದು.

ಈ ವರ್ಷ ಬಾಟಲಿ ಹೂಳಲು ಹೋದಾಗಲೂ ಇಬ್ಬರೂ ಅಕ್ಕಪಕ್ಕ ಅಗೆದೆವು. ಓಟದ ದಾರಿ ಊರಿನಿಂದ ನೆಟ್ಟಗೆ ಹೋಗಿ, ಇಪ್ಪತ್ತೊಂದನೇ ಕಿಲೋಮೀಟರಿನಲ್ಲಿ ಇಡುವ ಒಂದು ತುಕ್ಕು ಹಿಡಿದ ಎಣ್ಣೆ ಡ್ರಮ್ಮನ್ನು ಸುತ್ತು ಹಾಕಿ ವಾಪಸು ಬರುವುದು. ಪ್ರತಿ ವರ್ಷ ಆ ಡ್ರಮ್ಮನ್ನು ಒಯ್ದಿಡುವುದು, ಅಲ್ಲಿಯವರೆಗೆ ಸುಣ್ಣದ ಗೆರೆ ಎಳೆಯುವುದು ನನ್ನ ಗಂಡನ ಕೆಲಸ. ಡ್ರಮ್ಮಿನ ಹತ್ತಿರ ಹೂಳುವ ಬಾಟಲಿ ಎಲ್ಲಕ್ಕಿಂತ ಮುಖ್ಯ. ಅಲ್ಲಿಗೆ ಮುಟ್ಟಿದವರು ನಿಂತು, ಡ್ರಮ್ಮಿಗೊಂದು ಏಟು ಹೊಡೆದು, ನೀರು ಕುಡಿದೇ ತಿರುಗುವುದು. ಅಲ್ಲಿಗೆಂದು ನಾನು ಅಪ್ಪನ ಸ್ಟೀಲ್ ಫ್ಲಾಸ್ಕು ಇಟ್ಟಿದ್ದೆ. ಅಪ್ಪ ಲಾರಿ ಓಡಿಸುತ್ತಿದ್ದಾಗ ಸೀಟಿನ ಹಿಂದೆ ಇಟ್ಟುಕೊಳ್ಳುತ್ತಿದ್ದ ಫ್ಲಾಸ್ಕು ಅದು, ಒಂದು ಕಡೆ ನೆಗ್ಗಿದೆ. ಮಣ್ಣು ಮುಚ್ಚಿ, ಮೂರು ಕಲ್ಲು ಜೋಡಿಸಿ, ನಡುವೆ ಲಾರಿಯ ದೊಡ್ಡದೊಂದು ನಟ್ಟು ಇಟ್ಟೆ. ಗುಬ್ಬಿ ತನ್ನ ಬಾಟಲಿಯ ಮೇಲೆ ಬೇಕರಿಯ ಮುರಿದ ನೀಲಿ ಚಮಚ ನೆಟ್ಟಳು. ಅಂಚೆಯವನು ಹಳೆಯ ಚಪ್ಪಲಿ ಇಟ್ಟ. ಸ್ಮಶಾನದ ಹಾಗಿದೆ ಎಂದು ಎಲ್ಲರೂ ನಕ್ಕೆವು.

ಓಟದ ಹಿಂದಿನ ಸಂಜೆ ಶಾಲೆಯಲ್ಲಿ ಎದೆಗೆ ಕಟ್ಟಿಕೊಳ್ಳುವ ನಂಬರಿನ ಬಟ್ಟೆ ಹಂಚುತ್ತಾರೆ. ಹಂಚುವವರು ಡ್ರಿಲ್ ಮೇಷ್ಟ್ರು, ಈ ಓಟದ ಯಜಮಾನಿಕೆಯೆಲ್ಲ ಅವರದೇ. ನನಗೆ ಶಿಫ್ಟು ಇತ್ತು. "ನೀನು ಹೋಗ್ಬೇಡ, ನಾನೇ ತರ್ತೀನಿ ಬಿಡು" ಎಂದ ಗಂಡ. ಎಷ್ಟು ಒಳ್ಳೆಯವನು ಎಂದುಕೊಂಡೆ.

ಓಟದ ಬೆಳಿಗ್ಗೆ ಶಾಲೆಯ ಗಂಟೆ ಬಾರಿಸಿದರು, ಹೊರಟೆವು. ಒಟ್ಟು ಇಪ್ಪತ್ತೈದು ಜನವಿದ್ದರೆ ಹೆಚ್ಚು. ಶಾಲೆಯ ಗೇಟಿನ ಹತ್ತಿರ ಒಂದು ನಾಯಿ ನಮ್ಮನ್ನು ಕಂಡು ಬೊಗಳಿತು, ಬೀಳ್ಕೊಡುಗೆ ಅಷ್ಟೇ. ಪಕ್ಕದಲ್ಲಿ ಹಲ್ಲಿನ ಡಾಕ್ಟರು ಓಡುತ್ತಿದ್ದರು. ಅವರು ಪ್ರತಿ ವರ್ಷ ನಗರದಿಂದ ಬರುವವರು. ಅವರ ಕೈಯಲ್ಲೊಂದು ತಟ್ಟೆಯಷ್ಟು ದೊಡ್ಡ ವಾಚು ಇರುತ್ತದೆ, ಕಿಲೋಮೀಟರಿಗೊಮ್ಮೆ ಕೀಂ ಎನ್ನುತ್ತದೆ. ಹೋದ ವರ್ಷ ಅದರ ಕಿರುಚಾಟ ಕೇಳಿ ಕೇಳಿ ನನಗೆ ತಲೆನೋವು ಬಂದಿತ್ತು. ಈ ಸಲ ನೋಡಿದರೆ ಮಣಿಕಟ್ಟು ಬೋಳು.

"ವಾಚೆಲ್ಲಿ ಡಾಕ್ಟ್ರೇ?"

"ಅಯ್ಯೋ, ಮರೆತು ಬಂದ್ಬಿಟ್ಟೆ" ಎಂದು ನನ್ನ ಮುಖ ನೋಡದೆ ಮುಂದೆ ಹೋದರು. ದೊಡ್ಡ ಡಾಕ್ಟರು, ವಾಚು ಮರೆತಿದ್ದಕ್ಕೆ ಇಷ್ಟು ನಾಚಿಕೆಯೇ ಎಂದು ನಾನೂ ಗುಬ್ಬಿಯೂ ನಕ್ಕೆವು. ಅವಳು ಸ್ವಲ್ಪ ಹೆಚ್ಚೇ ನಕ್ಕಳು.

ಮೊದಲು ಜಲ್ಲಿ, ಆಮೇಲೆ ಮರಳು, ಆಮೇಲೆ ಉಪ್ಪು ಕಟ್ಟಿದ ಗಟ್ಟಿ ನೆಲ. ಮರಳಿನಲ್ಲಿ ಓಡುವುದೆಂದರೆ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ನೆಲವೇ ಕಿತ್ತುಕೊಳ್ಳುತ್ತದೆ. ಶೂ ಒಳಗೆ ಮರಳು ತುಂಬಿ ಬೆರಳುಗಳ ಮಧ್ಯೆ ಉಜ್ಜುತ್ತದೆ. ತುಟಿ ನೆಕ್ಕಿದರೆ ಉಪ್ಪು. ಕಣ್ಣಿಗೆ ನೋಡಲು ಏನೂ ಇಲ್ಲದ ಕಡೆ ಮನಸ್ಸು ಸುಮ್ಮನಿರುತ್ತದೆಯೇ, ಹಳೆಯ ಜಗಳಗಳನ್ನೆಲ್ಲ ಎತ್ತಿಕೊಂಡು ಕೂರುತ್ತದೆ. ನಾನು ನಾದಿನಿಯ ಜೊತೆ ಎಂದೋ ಆಡಿದ ಜಗಳವೊಂದನ್ನು ಪೂರ್ತಿ ಮತ್ತೆ ಆಡಿ, ಈ ಸಲ ಗೆದ್ದೆ. ಮಧ್ಯೆ ಮೇಕೆಗಳು ಸುಣ್ಣದ ಗೆರೆ ನೆಕ್ಕುತ್ತ ನಿಂತಿದ್ದವು, ಅವನ್ನು ಹಚಾ ಹಚಾ ಎಂದು ಓಡಿಸಿದೆವು. ಹೂತಿಟ್ಟ ಬಾಟಲಿಗಳು ಒಂದೊಂದಾಗಿ ಸರಿಯಾಗಿ ಸಿಕ್ಕವು.

ಮುಂದೆ ಹೋಗಿ ತಿರುಗಿದವರು ಎದುರಿನಿಂದ ಬರಲು ಶುರುಮಾಡಿದರು. ಹೋದ ವರ್ಷ ಎದುರಾದವರೆಲ್ಲ ಉಸಿರು ಕಟ್ಟಿಕೊಂಡು ತಲೆ ಅಲ್ಲಾಡಿಸಿ ಹೋಗಿದ್ದರು. ಈ ಸಲ ಒಬ್ಬೊಬ್ಬರೂ ಕೈಯೆತ್ತಿ, "ಇವತ್ತು ನಿಮ್ದೇ ಮುಳ್ಳಮ್ಮ!" ಎನ್ನುವುದೇನು, ನರ್ಸಮ್ಮ ನಿಂತು ನನ್ನ ಭುಜ ತಟ್ಟುವುದೇನು! ಮುಳ್ಳಮ್ಮ ಎಂದು ಕರೆದರೂ ಜನಕ್ಕೆ ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡೆ.

ಡ್ರಮ್ಮು ಹತ್ತಿರವಾಗುವಾಗ ಗುಬ್ಬಿ ಇದ್ದಕ್ಕಿದ್ದಂತೆ ಜೋರಾಗಿ ಓಡಿ ಮುಂದೆ ಹೋದಳು. ನಾನು ತಲುಪುವಷ್ಟರಲ್ಲಿ ಅವಳು ಡ್ರಮ್ಮಿನ ಪಕ್ಕ ನಿಂತು, "ಬಾ ಅಕ್ಕ ಬಾ, ಬಂದೇಬಿಟ್ಟೆ!" ಎಂದು ಕೈ ಬೀಸುತ್ತಿದ್ದಳು. ಇಷ್ಟು ಬೇಗ ಬಂತೇ ಎಂದು ನನಗೇ ಆಶ್ಚರ್ಯ. ಡ್ರಮ್ಮಿಗೆ ಏಟು ಹೊಡೆದು ಸುತ್ತಲೂ ನೋಡಿದೆ. ನನ್ನ ಮೂರು ಕಲ್ಲು ಇರಲಿಲ್ಲ, ನಟ್ಟೂ ಇರಲಿಲ್ಲ.

"ನನ್ನ ಗುರುತು ಎಲ್ಹೋಯ್ತೇ?"

"ಗಾಳಿಗೆ ಮುಚ್ಚಿಹೋಗಿರುತ್ತೆ, ನಿಲ್ಬೇಡ ಅಕ್ಕಾ, ಮೈ ತಣ್ಣಗಾಗುತ್ತೆ. ನಂದು ಸಿಕ್ತು, ತಗೋ ಕುಡಿ" ಎಂದು ತನ್ನ ಬಾಟಲಿ ನನ್ನ ಬಾಯಿಗೇ ಹಿಡಿದಳು. ಅರ್ಧಕ್ಕಿಂತ ಹೆಚ್ಚು ನನಗೇ ಕುಡಿಸಿದಳು. ಕಲ್ಲನ್ನು ಎತ್ತಿಕೊಂಡು ಹೋಗುವ ಗಾಳಿ ಯಾವುದು ಎಂದು ಕೇಳುವಷ್ಟು ತಲೆ ಆಗ ಓಡುತ್ತಿರಲಿಲ್ಲ.

ವಾಪಸು ಬರುವಾಗ ಒಂದೇ ಹೆದರಿಕೆ, ಹೋದ ವರ್ಷ ಬಿದ್ದ ಜಾಗ. ಈಗ ಬರುತ್ತದೆ, ಈಗ ಕಣ್ಣು ಕತ್ತಲೆಯಾಗುತ್ತದೆ ಎಂದು ಹಲ್ಲು ಕಚ್ಚಿಕೊಂಡೆ. ಆ ಜಾಗ ಬಂತು, ಹೋಯಿತು. ಕಾಲು ಉರಿಯುತ್ತಿತ್ತು, ಆದರೆ ಕಾಲು ನನ್ನದಾಗಿಯೇ ಇತ್ತು. ಮೈಯಲ್ಲಿ ಇನ್ನೂ ಕಸುವಿತ್ತು! ಪಂಪ್‌ಹೌಸಿನ ಗೋಡೆ ದೊಡ್ಡದಾಗುತ್ತ ಬಂತು. ಮೇಷ್ಟ್ರು ಹಿಡಿದ ಹಗ್ಗ ದಾಟುವಾಗ ಗುಬ್ಬಿಯ ಕೈ ಹಿಡಿದಿದ್ದೆ. ಯಾರೋ ಶಾಲೆಯ ಗಂಟೆ ಬಾರಿಸಿದರು. ಮೊದಲು ಬಂದವನಿಗೂ ತಟ್ಟದಷ್ಟು ಚಪ್ಪಾಳೆ ತಟ್ಟಿದರು. ನಾನು, ಯಾರ ಎದುರೂ ಕಣ್ಣಲ್ಲಿ ನೀರು ಹಾಕದವಳು, ಗೋಳೋ ಎಂದು ಅತ್ತೆ.

ನೀಲಿ ಬಣ್ಣದಲ್ಲಿ ಬಲಗೈ ಅದ್ದಿ ಒತ್ತಿದೆ. ಪಕ್ಕದಲ್ಲೇ ಗುಬ್ಬಿಯೂ ಒತ್ತಿದಳು. ಅವಳ ಹೆಬ್ಬೆರಳ ಮೇಲೆ ನನ್ನ ಕಿರುಬೆರಳ ತುದಿ ಕೂತಿತು.

"ನಡಿ ಮನೆಗೆ, ಬಿಸಿಲಲ್ಲಿ ನಿಲ್ಬೇಡ" ಎಂದು ಗಂಡ ನನ್ನನ್ನು ಅವಸರವಾಗಿ ಟ್ಯಾಂಕರಿಗೆ ಹತ್ತಿಸಿದ. ಗುಬ್ಬಿ ಬರಲಿಲ್ಲ. "ಓಡಿ ಬಂದೋರಿಗೆ ನೀರು ಕೊಟ್ಟ ಲೋಟ ಎಲ್ಲ ತೊಳೆದಿಟ್ಟು ಬರ್ತೀನಿ ಅಕ್ಕ" ಎಂದಳು. ಟ್ಯಾಂಕರಿನ ಕಿಟಕಿಯಿಂದ ನೋಡಿದರೆ ಶಾಲೆಯ ಮೈದಾನದಲ್ಲಿ ಹಲ್ಲಿನ ಡಾಕ್ಟರು, ನರ್ಸಮ್ಮ, ಇನ್ನಿಬ್ಬರು ಇನ್ನೂ ಓಡುತ್ತಿದ್ದಾರೆ, ಗಾಣದ ಎತ್ತಿನ ಹಾಗೆ ಸುತ್ತು ಹಾಕುತ್ತಿದ್ದಾರೆ. ಡಾಕ್ಟರ ಮಣಿಕಟ್ಟಿನಲ್ಲಿ ಏನೋ ಫಳಕ್ಕೆಂದಿತು.

"ಇವರಿಗೇನು ಬಂದಿದೆ ರೀ, ಇಷ್ಟು ಓಡಿದ್ದು ಸಾಲದಾ?" ಎಂದು ನಕ್ಕೆ.

"ಮೈ ಸಡಿಲ ಮಾಡ್ಕೋತಾರೇನೋ" ಎಂದ ಗಂಡ, ಗೇರು ಬದಲಿಸುತ್ತ.

ಗುಬ್ಬಿ ಮನೆಗೆ ಬಂದಾಗ ಊಟದ ಹೊತ್ತು ಮೀರಿತ್ತು. ಕುಂಟುತ್ತಿದ್ದಳು, ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಹಿಮ್ಮಡಿಯ ಬೊಬ್ಬೆ ಒಡೆದು ಸಾಕ್ಸಿಗೆ ಅಂಟಿಕೊಂಡಿತ್ತು. "ಲೋಟ ತೊಳೆಯೋಕೆ ಹೋಗಿ ಇಷ್ಟು ಸುಸ್ತಾದ್ಯಾ? ಕುಡಿದೋರ ಕೈಗೇನು ಲಕ್ವ ಹೊಡೆದಿತ್ತಾ?" ಎಂದು ಬೈಯುತ್ತ ನಾನೇ ಅವಳ ಪಾದವನ್ನು ಬಿಸಿನೀರಿನಲ್ಲಿ ಇಟ್ಟುಕೊಂಡು ತೊಳೆದೆ. ಅವಳು ಆಗ ಒಂದು ಮಾತೂ ಆಡಲಿಲ್ಲ. ಗುಬ್ಬಿ ಸುಮ್ಮನಿದ್ದದ್ದನ್ನು ಕಂಡಾದರೂ ನನಗೆ ತಿಳಿಯಬೇಕಿತ್ತು.

ಸಂಜೆ ಮೂವರೂ ಕೂತು ಉಣ್ಣುವಾಗ ನನಗೆ ಫ್ಲಾಸ್ಕಿನ ನೆನಪಾಯಿತು. "ಅಪ್ಪನ ಫ್ಲಾಸ್ಕು ಹೋಯ್ತಲ್ಲ. ಗಾಳಿ ಅಂತೆ ಗಾಳಿ. ಯಾರೋ ಕೆದಕಿದ್ದಾರೆ. ನಾಳೆ ಹೋಗಿ ನೋಡ್ತೀನಿ, ಅಲ್ಲಿ ನೆಲದ ಮೇಲೆ ಹೆಜ್ಜೆ ಅಳಿಯಲ್ಲ. ಯಾರ ಶೂ ಅಂತ ಗೊತ್ತಾಗೇ ಆಗುತ್ತೆ, ಅವರ ಮಾನ ಹರಾಜು ಹಾಕ್ತೀನಿ" ಎಂದೆ.

ಗಂಡನ ಕೈ ತಟ್ಟೆಯ ಮೇಲೆಯೇ ನಿಂತಿತು. ಗುಬ್ಬಿ ಒಂದು ಸಲ ಅವನ ಮುಖ ನೋಡಿದಳು.

"ಹೋಗ್ಬೇಡ ಅಕ್ಕಾ. ನಾನೇ ಕುಡಿದೆ."

"ಏನಂದೆ?"

"ಮುಂದೆ ಓಡ್ಹೋದ್ನಲ್ಲ, ಆಗ. ಬಾಯಿ ಒಣಗಿ ತಡ್ಕೊಳಕ್ಕಾಗ್ಲಿಲ್ಲ. ಕುಡಿದು ಎಲ್ಲೋ ಎಸೆದೆ. ತಪ್ಪಾಯ್ತು."

ಮೈಯೆಲ್ಲ ಉರಿದುಹೋಯಿತು. ಬಾಯಾರಿದ್ದರೆ ಕೇಳಬಹುದಿತ್ತು, ನನ್ನ ರಕ್ತ ಬೇಕಾದರೂ ಕೊಡುತ್ತಿದ್ದೆ. ನನ್ನ ನೀರು ಕದ್ದು ಕುಡಿದು, ತನ್ನ ಬಾಟಲಿಯನ್ನು ನನ್ನ ಬಾಯಿಗೆ ಹಿಡಿದು ಉಪಕಾರ ಮಾಡಿದವಳಂತೆ ನಟಿಸಿದಳಲ್ಲ! ಏನೇನು ಅಂದೆನೋ ನನಗೇ ನೆನಪಿಲ್ಲ. ಅವಳು ತಲೆ ತಗ್ಗಿಸಿ ಕೇಳಿದಳು. ಮೈದುನ ಗಣಿಯ ಕೆಲಸದಿಂದ ಬಂದವನು ಏನಾಯಿತೆಂದು ತಿಳಿಯದೆ ಬಾಗಿಲಲ್ಲೇ ನಿಂತ. ಮರುದಿನದಿಂದ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳು ಬಡಿಸಿದ್ದನ್ನು ಉಣ್ಣಲಿಲ್ಲ. ಬೇಕರಿಗೆ ಹೋದವರಿಗೆ, ವೇಬ್ರಿಡ್ಜಿಗೆ ಬಂದವರಿಗೆ, ಎಲ್ಲರಿಗೂ ಹೇಳಿದೆ. ಕೇಳಿದವರು ಯಾರೂ ಸರಿಯಾಗಿ ಛೀ ಅನ್ನಲಿಲ್ಲ. ಅಂಚೆಯವನು, "ಪಾಪ, ಬಿಡಿ ಅಮ್ಮ" ಎಂದು ಸೈಕಲ್ ಏರಿ ಹೋದ. ನಮ್ಮೂರಿನವರು ಎಷ್ಟು ಕೆಟ್ಟುಹೋಗಿದ್ದಾರೆ ಎಂದುಕೊಂಡೆ.

ವಾರದ ರಜೆಯ ದಿನ ಫ್ಲಾಸ್ಕು ಹುಡುಕಲು ಹೊರಟೆ. ನೀರು ಹೋದರೆ ಹೋಗಲಿ, ಅಪ್ಪನ ಫ್ಲಾಸ್ಕು ಮರುಭೂಮಿಯಲ್ಲಿ ಬಿದ್ದಿರುವುದು ನನಗೆ ಸಹಿಸಲಾಗಲಿಲ್ಲ. ಎಲ್ಲೋ ಎಸೆದೆ ಎಂದಳಲ್ಲ, ಡ್ರಮ್ಮಿನ ಸುತ್ತಮುತ್ತಲೇ ಇರಬೇಕು. ಗಂಡನಿಗೆ ಹೇಳಲಿಲ್ಲ. ಖಾಲಿ ಹೋಗುತ್ತಿದ್ದ ಲಾರಿಯೊಂದನ್ನು ಹತ್ತಿ, ಗಣಿಗೆ ತಿರುಗುವ ಕಡೆ ಇಳಿದು, ಸುಣ್ಣದ ಗೆರೆ ಹಿಡಿದು ನಡೆದೆ.

ಆ ಭಾಗದ ನೆಲದ ಮೇಲೆ ಉಪ್ಪಿನ ತೆಳ್ಳನೆಯ ಪದರ ಕಟ್ಟಿರುತ್ತದೆ. ಕಾಲಿಟ್ಟರೆ ಚಕ್ಕೆ ಚಕ್ಕೆಯಾಗಿ ಒಡೆಯುತ್ತದೆ, ಒಡೆದದ್ದು ಮುಂದಿನ ಮಳೆಯವರೆಗೂ ಹಾಗೆಯೇ ಇರುತ್ತದೆ. ನಮ್ಮೆಲ್ಲರ ಹೆಜ್ಜೆಗಳೂ ಇದ್ದವು. ಹೋದ ಹೆಜ್ಜೆ, ಬಂದ ಹೆಜ್ಜೆ. ಡ್ರಮ್ಮು ಕೂತಿದ್ದ ಕಡೆ ದುಂಡಗೆ ಒಂದು ಗುರುತು, ಅದರ ಸುತ್ತ ಎಲ್ಲರೂ ತಿರುಗಿದ ಹೆಜ್ಜೆಗಳು. ಅಲ್ಲಿ ಹುಡುಕಿದೆ, ಬಗ್ಗಿ ಬಗ್ಗಿ ನೋಡಿದೆ. ಕೆದಕಿದ ಒಂದು ಗುಳಿಯೂ ಇಲ್ಲ. ಯಾರೂ ಎಂದೂ ಏನನ್ನೂ ಹೂಳದ ನೆಲ ಅದು.

ಆಗ ತಲೆಯೆತ್ತಿ ನೋಡಿದೆ. ಡ್ರಮ್ಮಿನ ಗುರುತಿನಿಂದಾಚೆಗೆ ಒಂದೇ ಒಂದು ಹೆಜ್ಜೆಯಿಲ್ಲ. ಉಪ್ಪಿನ ನೆಲ ತೊಳೆದ ತಟ್ಟೆಯಂತೆ ಖಾಲಿ ಇತ್ತು. ಇದ್ದದ್ದು ಟ್ಯಾಂಕರಿನ ಟೈರಿನ ಎರಡು ಗೆರೆ ಮಾತ್ರ, ಬಾಟಲಿ ಹೂಳಲು ಹೋದ ದಿನದ್ದು, ಅದು ಮುಂದೆ ಮುಂದೆ ಹೋಗಿತ್ತು. ನನ್ನ ಕಾಲುಗಳು ಆ ಗೆರೆ ಹಿಡಿದು ನಡೆದವು. ಬಹಳ ಹೊತ್ತು ನಡೆದೆ, ಎರಡು ಕಿಲೋಮೀಟರಿಗೆ ಕಮ್ಮಿಯಿರಲಿಲ್ಲ.

ಮೊದಲು ಕಂಡದ್ದು ಅಂಚೆಯವನ ಚಪ್ಪಲಿ. ಆಮೇಲೆ ನೀಲಿ ಚಮಚ. ಅದರ ಪಕ್ಕದಲ್ಲಿ ನನ್ನ ಮೂರು ಕಲ್ಲು, ನಡುವೆ ನಟ್ಟು. ಎಲ್ಲರ ಗುರುತುಗಳೂ ಇಟ್ಟದ್ದು ಇಟ್ಟ ಹಾಗೆಯೇ ಇದ್ದವು. ಅದರಾಚೆ, ವರ್ಷ ವರ್ಷವೂ ಡ್ರಮ್ಮು ಕೂತು ಕೂತು ತುಕ್ಕಿನ ಬಣ್ಣಕ್ಕೆ ತಿರುಗಿದ ದುಂಡು ಜಾಗ ಖಾಲಿ ಬಿದ್ದಿತ್ತು.

ಮಂಡಿಯೂರಿ ಕೈಯಲ್ಲೇ ಅಗೆದೆ. ಅಪ್ಪನ ಫ್ಲಾಸ್ಕು ಭಾರವಾಗಿತ್ತು. ಮುಚ್ಚಳ ತೆಗೆದರೆ ಕಂಠದವರೆಗೂ ನೀರು. ಗುಬ್ಬಿ ಕುಡಿದಿರಲಿಲ್ಲ. ನನ್ನ ಬಾಯಿಗೆ ಹಿಡಿದ ಬಾಟಲಿ ಅವಳು ಹಿಂದಿನ ಗುರುತಿನಲ್ಲೇ ಎತ್ತಿಟ್ಟುಕೊಂಡು ತಂದದ್ದು. ಓಟದ ದಿನ ಗುಬ್ಬಿ ಇಲ್ಲಿಗೆ ಬಂದೇ ಇರಲಿಲ್ಲ. ನಾನೂ ಬಂದಿರಲಿಲ್ಲ.

ಮೈದಾನದಲ್ಲಿ ಸುತ್ತು ಹಾಕುತ್ತಿದ್ದವರು, ಡಾಕ್ಟರ ಬೋಳು ಮಣಿಕಟ್ಟು, ನರ್ಸಮ್ಮ ಭುಜ ತಟ್ಟಿದ್ದು, ಗಂಟೆ, ಚಪ್ಪಾಳೆ, ಎಲ್ಲವೂ ಅಲ್ಲಿ ಕೂತಿದ್ದಂತೆ ಒಂದೊಂದಾಗಿ ತಿಳಿಯುತ್ತ ಹೋಯಿತು. ಹೋಗಿ ಎರಡು, ಬಂದು ಎರಡು. ಹೋದ ವರ್ಷ ನಾನು ಬಿದ್ದಾಗ ಎಷ್ಟು ಉಳಿದಿತ್ತೋ ಅಷ್ಟೇ ನಾಲ್ಕು ಕಿಲೋಮೀಟರನ್ನು ಕತ್ತರಿಸಿ ತೆಗೆದಿದ್ದರು. ಇಡೀ ಊರು ಸೇರಿ ನನ್ನ ಕಣ್ಣಿಗೆ ಮಣ್ಣೆರಚಿತ್ತು. ಬಾಯಾರಿಕೆಯಿಂದ ಗಂಟಲು ಅಂಟಿಕೊಂಡಿತ್ತು, ಆದರೆ ಆ ನೀರು ಕುಡಿಯಲಿಲ್ಲ. ಅದು ಡ್ರಮ್ಮು ಮುಟ್ಟಿದವಳ ನೀರು.

ಮನೆಗೆ ಬಂದು ಫ್ಲಾಸ್ಕನ್ನು ಊಟದ ಮೇಜಿನ ಮೇಲೆ ಕುಕ್ಕಿದೆ. ಗಂಡ ಟ್ಯಾಂಕರಿನ ಪೈಪಿಗೆ ವಾಷರ್ ಕತ್ತರಿಸುತ್ತ ಕೂತಿದ್ದ. ಗುಬ್ಬಿ ಬಟ್ಟೆ ಮಡಚುತ್ತಿದ್ದಳು. ಇಬ್ಬರೂ ಫ್ಲಾಸ್ಕು ನೋಡಿದರು.

"ತುಂಬಿದೆ. ಕುಡಿದವರು ಯಾರು?" ಎಂದೆ.

ಗಂಡ ಕತ್ತರಿ ಕೆಳಗಿಟ್ಟ. "ನಾನೇ ಮಾಡಿದ್ದು. ಅವಳನ್ನ ಬೈಬೇಡ. ನಂಬರ್ ಬಟ್ಟೆ ಹಂಚೋವಾಗ ಎಲ್ರಿಗೂ ಕೈಮುಗಿದು ಕೇಳ್ಕೊಂಡೆ. ಡ್ರಮ್ಮು ಸ್ವಲ್ಪ ಈಚೆಗೆ ಇಡ್ತೀನಿ, ಉಳಿದಿದ್ದನ್ನ ನೀವು ಆಮೇಲೆ ಮೈದಾನದಲ್ಲಿ ಓಡಿ ಸರಿಮಾಡ್ಕೊಳ್ಳಿ ಅಂತ. ನಿಮ್ಮ ಬಾಟಲಿಗಳ ವಿಚಾರ ನಂಗೆ ತಲೆಗೇ ಹೊಳೀಲಿಲ್ಲ."

"ಯಾಕ್ರೀ?"

"ಯಾಕೇಂತ ಕೇಳ್ತೀಯಾ? ಹೋದ ವರ್ಷ ನಿನ್ನ ಎತ್ತಿ ಸೀಟಿನ ಮೇಲೆ ಹಾಕ್ದಾಗ ನಿನ್ನ ಕಣ್ಣುಗುಡ್ಡೆ ಮೇಲೆ ಹೋಗಿತ್ತು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈ ನಿನ್ನ ಮೂಗಿನ ಹತ್ರ ಹಿಡ್ಕೊಂಡು ಬಂದೋನು ನಾನು. ಉಸಿರಿದೆಯಾ ಇಲ್ವಾ ಅಂತ. ನಿಂಗೇನು ಗೊತ್ತು?"

ಅವನ ದನಿ ಒಡೆಯಿತು. ನನಗೆ ಅಯ್ಯೋ ಅನ್ನಿಸಿತು, ಅದೂ ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ಹಂಗಿದ್ರೆ ಓಡ್ಬೇಡ ಅನ್ಬೇಕಿತ್ತು. ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಕಿತ್ತು."

"ಹೇಳಿದ್ರೆ ನೀನು ಕೇಳೋಳಾ?"

"ಕೇಳ್ತಿರ್ಲಿಲ್ಲ. ಜಗಳ ಆಡ್ತಿದ್ದೆ. ಓಡಿ ಬಿದ್ದಿದ್ರೂ ಆ ಬಿದ್ದಿದ್ದು ನಂದಾಗ್ತಿತ್ತು. ಈಗ ನಂಗೆ ಏನ್ ಉಳಿಸಿದ್ರಿ? ಎಲ್ರೂ ಪೂರ್ತಿ ಓಡಿದ್ರು. ಊರಿಗೆ ಊರೇ ಪೂರ್ತಿ ಓಡ್ತು, ನನ್ನೊಬ್ಬಳನ್ನ ಬಿಟ್ಟು. ಪಾಪದೋಳು ಅಂತ ಚಪ್ಪಾಳೆ ಹೊಡೆದ್ರಲ್ಲ, ಆ ಚಪ್ಪಾಳೆಗೆ ನಾನು ಅತ್ತೆನಲ್ಲ!"

ನಾನು ಗುಬ್ಬಿಯ ಕಡೆ ತಿರುಗಿದೆ. ಕಳ್ಳಿ ಎಂಬ ಹೆಸರನ್ನು ನನಗಾಗಿ ತಲೆ ಮೇಲೆ ಹೊತ್ತುಕೊಂಡು ಒಂದು ವಾರ ಬೈಸಿಕೊಂಡವಳು ಅವಳು. ಅದನ್ನು ನೆನೆದರೆ ಕಾಲು ಹಿಡಿದು ಕ್ಷಮೆ ಕೇಳಬೇಕು. ಕೇಳಲೂ ಬಹುದಿತ್ತು. ಆದರೆ ಆ ಒಡೆದ ಬೊಬ್ಬೆ, ಬಿಸಿನೀರಿನಲ್ಲಿ 'ಸ್ಸ್' ಎಂದ ಆ ಪಾದ ನನ್ನ ಕಣ್ಣಮುಂದೆ ಬಂದು ನಿಂತಿತ್ತು.

"ಗುಬ್ಬೀ, ನೀನು ಆವತ್ತು ಲೋಟ ತೊಳೆದ್ಯಾ?"

ಮಡಚಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಚಿದಳು.

"ನೀನೂ ಮೈದಾನದಲ್ಲಿ ಓಡಿದ್ಯಾ?"

"ಹೂಂ ಅಕ್ಕ."

"ಪೂರ್ತಿನಾ?"

"ಹೂಂ."

"ನಾನು ಮುಗಿಸ್ದೆ ನೀನು ಮುಗ್ಸಲ್ಲ ಅಂದಿದ್ದೆ."

ಅವಳ ಕಣ್ಣು ತುಂಬಿ ಬಂತು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದರು. "ಸುಮ್ನೆ ನಿಂತು ನೋಡ್ತಿದ್ದೆ ಅಕ್ಕಾ. ಅವರೆಲ್ಲ ಸುತ್ತು ಹಾಕ್ತಿದ್ರು. ನಂಗೂ... ನಂಗೂ ಪೂರ್ತಿ ಬೇಕು ಅನ್ನಿಸ್ಬಿಡ್ತು."

ಗಂಡ ಮಾಡಿದ್ದು ಹೆದರಿಕೆಗೆ. ಊರು ಮಾಡಿದ್ದು ಕನಿಕರಕ್ಕೆ. ಅವನ್ನು ಬೈದು ಮರೆಯಬಹುದು. ಆದರೆ ಗುಬ್ಬಿಗೆ ಬೇಕಿದ್ದದ್ದೂ ನನಗೆ ಬೇಕಿದ್ದದ್ದೂ ಒಂದೇ ಆಗಿತ್ತು, ಅದು ಎಂಥ ಆಸೆ ಎಂದು ನನ್ನಷ್ಟೇ ಚೆನ್ನಾಗಿ ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಲೋಟ ತೊಳೆಯುವ ನೆಪ ಹೇಳಿ ನನ್ನನ್ನು ಮನೆಗೆ ಕಳಿಸಿ, ತನ್ನದನ್ನು ತಾನು ಮುಗಿಸಿಕೊಂಡು ಬಂದಳು. ನಾನು ಅವಳ ಪಾದ ತೊಳೆದೆ. ಅವಳು ತೊಳೆಸಿಕೊಂಡಳು.

ಮರುದಿನ ಗಂಡ ಗೆರೆ ಎಳೆದು ಉಳಿದಿದ್ದ ಸುಣ್ಣವನ್ನು ಬಕೆಟ್ಟಿನಲ್ಲಿ ಕಲಸಿಕೊಂಡು, ಬ್ರಷ್ಷು ಹಿಡಿದು ಪಂಪ್‌ಹೌಸಿಗೆ ಹೋದೆ. ನನ್ನನ್ನು ಕಂಡು ಡ್ರಿಲ್ ಮೇಷ್ಟ್ರು ಮೈದಾನದಿಂದ ಓಡಿ ಬಂದರು. ಬಕೆಟ್ಟು ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು.

"ಇರ್ಲಿ ಬಿಡೀಮ್ಮಾ. ನಾಲ್ಕು ಕಿಲೋಮೀಟರ್ ತಾನೇ? ಬೇಕಾದ್ರೆ ಈಗ್ಲೇ ಮೈದಾನದಲ್ಲಿ ಓಡ್ಬಿಡಿ, ನಾನೂ ಜೊತೆಗೆ ಬರ್ತೀನಿ. ಸರಿಹೋಗುತ್ತೆ."

"ಕಮ್ಮಿ ತೂಗಿದ ಲಾರಿಯವನು ವಾರ ಬಿಟ್ಟು ಒಂದು ಬುಟ್ಟಿ ತಂದು ಸುರಿದು, ಈಗ ಸರಿಹೋಯ್ತು ಚೀಟಿ ಕೊಡಿ ಅಂದ್ರೆ ನಾನು ಕೊಡ್ಲಾ ಮೇಷ್ಟ್ರೇ?"

ಅವರು ಮೈದಾನಕ್ಕೆ ವಾಪಸು ಹೋದರು.

ಮೊದಲು ಹೆಬ್ಬೆರಳಿಗೆ ಬಳಿದೆ, ಆಮೇಲೆ ಅಂಗೈಗೆ. ನೀಲಿ ಬಣ್ಣ ಒಂದೇ ಸಲಕ್ಕೆ ಹೋಗಲಿಲ್ಲ, ಮತ್ತೆ ಮತ್ತೆ ಬಳಿಯಬೇಕಾಯಿತು. ಒಂದೊಂದು ಬೆರಳನ್ನೂ ಅಳಿಸಿ ಕೊನೆಗೆ ಕಿರುಬೆರಳಿಗೆ ಬಂದೆ. ಅದರ ತುದಿ ಗುಬ್ಬಿಯ ಹೆಬ್ಬೆರಳ ಮೇಲೆ ಕೂತಿತ್ತು. ಅದನ್ನು ಅಳಿಸಿದರೆ ಅವಳ ಹೆಬ್ಬೆರಳೂ ಹೋಗುತ್ತದೆ. ಬ್ರಷ್ಷಿನಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು. ಹಾಳಾಗಿ ಹೋಗಲಿ, ಎಳೆದುಬಿಡು ಎಂದಿತು ಮನಸ್ಸು. ಕೈ ಏಳಲಿಲ್ಲ. ಅವಳ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಅವಳ ಓಟದಲ್ಲಿ ಗುಲಗಂಜಿಯಷ್ಟೂ ಕಮ್ಮಿಯಿರಲಿಲ್ಲ.

ಆ ತುದಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಳಿದು ಬಂದೆ. ಈಗ ಯಾರಾದರೂ ಹೋಗಿ ನೋಡಿದರೆ ಗುಬ್ಬಿಯ ಅಂಗೈಯಲ್ಲಿ ಆರು ಬೆರಳಿರುವಂತೆ ಕಾಣುತ್ತದೆ. ಶಾಲೆಯ ಮಕ್ಕಳು ಅದನ್ನು ಎಣಿಸಿ ನಗುತ್ತಾರೆ. ಗುಬ್ಬಿ ಬೇಕರಿಗೆ ಈಗ ಹಿಂದಿನ ರಸ್ತೆಯಲ್ಲಿ ಸುತ್ತಿಕೊಂಡು ಹೋಗುತ್ತಾಳೆ.